ಗದುಗಿನ ನಾರಣಪ್ಪ ಮತ್ತು ನಮ್ಮ ಎರಡನೇ ಬಹುಮಾನ

ಗೆಳೆಯರೇ, ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘ ನಡೆಸಿದ ಪ್ರಬಂಧ ಸ್ಪರ್ಧೆಯಲ್ಲಿ ನಮಗೆ ಎರಡನೇ ಬಹುಮಾನ ಬಂತು. ವಿಷಯ, ನಮ್ಮ ಊರು. ಗುಂಪಾಗಿ ಬರೆಯಬಹುದು ಅಂತ ಇತ್ತು, ಹಾಗಾಗಿ ಹಾಸ್ಟೆಲಿನ ಒಂದೇ ರೂಮಿನ ನಾವು ಮೂವರು ಸೇರಿ ಬರೆದೆವು. ಬರೆದೆವು ಅನ್ನೋದು ಇಲ್ಲಿ ಸ್ವಲ್ಪ ದೊಡ್ಡ ಮಾತು. ಇಂಟರ್ನಲ್ಸ್ ಮುಗಿದ ರಾತ್ರಿ, ಕೊನೆಯ ದಿನ, ಹನ್ನೊಂದು ಗಂಟೆ. ಒಂದು ಎಐ ಆ್ಯಪ್ ತೆರೆದು, ನಮ್ಮಲ್ಲಿ ಒಬ್ಬನ ಊರಾದ ಚಿಕ್ಕನರಗುಂದದ ಮೇಲೆ ಆರು ನೂರು ಪದಗಳ ಪ್ರಬಂಧ ಬೇಕು ಅಂತ ಟೈಪ್ ಮಾಡಿದೆವು. ಅರ್ಧ ನಿಮಿಷದಲ್ಲಿ ಬಂತು. ಎರಡು ಕಡೆ ಅಲ್ಪವಿರಾಮ ಸರಿಮಾಡಿ, ಕೆಳಗೆ ಮೂವರ ಹೆಸರು ಹಾಕಿ ಕಳಿಸಿ ಮಲಗಿದೆವು.

ಸಂಕ್ರಾಂತಿ ರಜೆಗೆ ಮೂವರೂ ಆ ಊರಿಗೆ ಹೋದೆವು. ಚಿಕ್ಕನರಗುಂದ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಹಳ್ಳಿ. ಸುತ್ತ ಎರೆ ಭೂಮಿ, ಕಣ್ಣು ಹಾಯುವವರೆಗೆ ಸಪಾಟು. ಜೋಳ, ಕಡಲೆ, ಹತ್ತಿ. ಸರ್ಟಿಫಿಕೇಟ್ ತೋರಿಸಿದ ಮೇಲೆ ಗೆಳೆಯನ ಅಜ್ಜಿ ಆ ಪ್ರಬಂಧ ಓದಿ ಹೇಳಿ ಅಂದರು. ಓದಿದೆವು. ಹಚ್ಚ ಹಸಿರು ಬೆಟ್ಟಗಳ ಮಡಿಲಲ್ಲಿ, ತೆಂಗಿನ ತೋಟಗಳ ನಡುವೆ, ಜುಳುಜುಳು ಹರಿಯುವ ಹೊಳೆಯ ದಂಡೆಯ ಮೇಲೆ ನಮ್ಮ ಊರು ಇದೆ ಅಂತ ಅದರಲ್ಲಿತ್ತು. ಅಜ್ಜಿ ಪೂರ್ತಿ ಕೇಳಿದರು. ಬಹಳ ಚಲೋ ಅದೆ ಅಂದರು. ಆಮೇಲೆ ಇದು ಯಾವ ಊರು ಅಂತ ಕೇಳಿದರು.

ಅವರು ವ್ಯಂಗ್ಯ ಮಾಡಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅದಕ್ಕೇ ಅದು ಜಾಸ್ತಿ ತಾಗಿತು.

ಆ ಪ್ರಬಂಧದಲ್ಲಿ ಮಲಪ್ರಭಾ ಕಾಲುವೆ ಇರಲಿಲ್ಲ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಈ ಭಾಗದ ರೈತರು ಎದ್ದು ನಿಂತು, ನರಗುಂದ ನವಲಗುಂದಗಳಲ್ಲಿ ಗೋಲಿಬಾರ್ ಆಗಿ ಜೀವ ಹೋದದ್ದು ಇರಲಿಲ್ಲ. ಮಳೆ ಬಾರದ ವರ್ಷಗಳು ಇರಲಿಲ್ಲ. ಇವನ್ನೆಲ್ಲ ಆ ರಾತ್ರಿ ಅಜ್ಜಿ ಹೇಳಿದರು. ಮಳೆ ಕೈಕೊಟ್ಟಾಗ ಗುಡಿಯಲ್ಲಿ ವಿರಾಟಪರ್ವ ಓದಿಸ್ತಿದ್ದರು ಅಂತಾನೂ ಹೇಳಿದರು. ವಿರಾಟಪರ್ವ ಓದಿಸಿದರೆ ಮಳೆ ಬರುತ್ತೆ ಅನ್ನೋ ನಂಬಿಕೆ ಕರ್ನಾಟಕದ ಎಷ್ಟೋ ಊರುಗಳಲ್ಲಿದೆ. ಅಜ್ಜಿಗೆ ಓದಲು ಬರೆಯಲು ಬರಲ್ಲ. ಆದರೆ ಕೇಳಿ ಕೇಳಿ ಆ ಪರ್ವದ ಕಥೆ ಪೂರಾ ಬಾಯಲ್ಲಿದೆ. ಯಾರು ಬರೆದದ್ದು ಅಂತ ನಾವು ಕೇಳಿದೆವು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕುಮಾರವ್ಯಾಸ ಅಂದ್ರೆ ಕನ್ನಡ ಟೆಕ್ಸ್ಟ್‌ಬುಕ್ಕಿನ ಒಂದು ಪದ್ಯ, ನಾಲ್ಕು ಮಾರ್ಕು, ಅಷ್ಟೇ. ಅಜ್ಜಿ ಮಾತ್ರ ಪಕ್ಕದೂರಿನವರ ಸುದ್ದಿ ಹೇಳುವ ಹಾಗೆ ಗದುಗಿನ ನಾರಣಪ್ಪ ಅಂದರು.

ಮರುದಿನ ನರಗುಂದಕ್ಕೆ ಬಂದು ಗದಗಿನ ಬಸ್ಸು ಹತ್ತಿದೆವು. ಮುಂದೆ ಹೇಳೋದು ಆ ನಾರಣಪ್ಪನ ಕಥೆ. ಅವನ ಬಗ್ಗೆ ದಾಖಲೆ ಕಡಿಮೆ, ಜನ ಹೇಳೋ ಕಥೆ ಜಾಸ್ತಿ. ಎರಡನ್ನೂ ಬೇರೆ ಬೇರೆ ಇಟ್ಟೇ ಹೇಳ್ತೀವಿ.

ನಾರಣಪ್ಪ ಹುಟ್ಟಿದ್ದು ಕೋಳಿವಾಡದಲ್ಲಿ. ಈಗ ಅದು ಧಾರವಾಡ ಜಿಲ್ಲೆಯ ಹುಬ್ಬಳ್ಳಿ ತಾಲ್ಲೂಕಿಗೆ ಸೇರುತ್ತೆ. ಅಲ್ಲೂ ಇದೇ ಎರೆ ಮಣ್ಣು. ತಂದೆ ಲಕ್ಕರಸಯ್ಯ, ಶಾನುಭೋಗಿಕೆಯ ಮನೆತನ ಅಂತ ಹೇಳ್ತಾರೆ. ಶಾನುಭೋಗರು ಅಂದ್ರೆ ಊರಿನ ಲೆಕ್ಕ ಬರೆಯುವವರು. ಹಾಗಾದರೆ ಈ ಹುಡುಗ ಬರವಣಿಗೆಯನ್ನು ಮೊದಲು ನೋಡಿದ್ದು ಕಾವ್ಯವಾಗಿ ಅಲ್ಲ, ಲೆಕ್ಕವಾಗಿ. ಯಾರು ಎಷ್ಟು ಕೊಟ್ಟರು, ಯಾರದು ಎಷ್ಟು ಬಾಕಿ, ಯಾರ ಹೆಸರಿನ ಮುಂದೆ ಏನು ಬರೆಯಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಕೋಳಿವಾಡದಲ್ಲಿ ಅವನ ವಂಶದವರು ಅಂತ ಹೇಳಿಕೊಳ್ಳುವ ಮನೆತನ ಇವತ್ತಿಗೂ ಇದೆ, ಅವನ ಭಾರತದ ತಾಳೆಗರಿ ಪ್ರತಿಯನ್ನು ಪೂಜೆಯ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ.

ಅವನ ಕಾಲ ಯಾವುದು ಅನ್ನೋದರಲ್ಲಿ ವಿದ್ವಾಂಸರು ಜಗಳ ಆಡಿದ್ದಾರೆ. ಬಹಳ ಜನ ಒಪ್ಪೋದು ಸುಮಾರು 1430. ಅಂದ್ರೆ ವಿಜಯನಗರದ ಕಾಲ. ಅದಕ್ಕೂ ಐದು ಶತಮಾನ ಮೊದಲೇ, 941ರಲ್ಲಿ, ಪಂಪ ಕನ್ನಡದಲ್ಲಿ ಭಾರತ ಬರೆದು ಮುಗಿಸಿದ್ದ. ಪಂಪನಿಗೆ ಅರಿಕೇಸರಿ ಅನ್ನೋ ರಾಜ ಆಶ್ರಯ ಕೊಟ್ಟಿದ್ದ, ಪಂಪ ಆ ರಾಜನನ್ನೇ ಅರ್ಜುನನ ಜೊತೆ ಸೇರಿಸಿ ಹೊಗಳಿ ಕಥೆ ಕಟ್ಟಿದ. ನಾರಣಪ್ಪನ ಕಾವ್ಯದಲ್ಲಿ ಹೀಗೆ ಹೊಗಳಿಸಿಕೊಳ್ಳೋ ರಾಜ ಯಾರೂ ಇಲ್ಲ. ಅವನ ಒಡೆಯ ಗದುಗಿನ ವೀರನಾರಾಯಣ ದೇವರು. ಕೋಳಿವಾಡದಿಂದ ಗದುಗಿಗೆ ಬಂದು ಆ ದೇವಸ್ಥಾನದಲ್ಲೇ ಕೂತು ಬರೆದ ಅಂತ ಪ್ರತೀತಿ. ದೇವಸ್ಥಾನದ ಮಂಟಪದಲ್ಲಿ ಅವನು ಒರಗಿ ಕೂತಿದ್ದ ಕಂಬ ಅಂತ ಒಂದನ್ನು ಇವತ್ತಿಗೂ ತೋರಿಸ್ತಾರೆ. ನಾವೂ ಹೋಗಿ ಅದರ ಪಕ್ಕ ಸ್ವಲ್ಪ ಹೊತ್ತು ಕೂತೆವು. ಕಲ್ಲು ತಣ್ಣಗಿತ್ತು.

ಬರೆದ ರೀತಿಯ ಬಗ್ಗೆ ಒಂದು ಕಥೆ ಇದೆ. ದಿನಾ ಬೆಳಗ್ಗೆ ದೇವಸ್ಥಾನದ ಕೋನೇರಿಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬಂದು ಕಂಬದ ಹತ್ತಿರ ಕೂತು ಬರೆಯೋಕೆ ಶುರು ಮಾಡ್ತಿದ್ದನಂತೆ. ಮೈಮೇಲಿನ ಬಟ್ಟೆ ಒದ್ದೆ ಇರೋವರೆಗೆ ಮಾತು ಬರ್ತಿತ್ತು, ಬಟ್ಟೆ ಒಣಗಿತೋ ಅವತ್ತಿಗೆ ಮುಗೀತು. ಗದಗಿನ ಬಿಸಿಲು ನೋಡಿದವರಿಗೆ ಗೊತ್ತು, ಅದು ತುಂಬಾ ಹೊತ್ತು ಸಿಗೋ ಟೈಮ್ ಅಲ್ಲ.

ಇನ್ನೊಂದು ಕಥೆ ಇದಕ್ಕಿಂತ ವಿಚಿತ್ರ. ಅವನಿಗೆ ಭಾರತವನ್ನು ಹೇಳಿ ಬರೆಸಿದವನು ಅಶ್ವತ್ಥಾಮ ಅಂತೆ. ಅಶ್ವತ್ಥಾಮನಿಗೆ ಸಾವಿಲ್ಲವಲ್ಲ, ಹಾಗಾಗಿ ಯುದ್ಧವನ್ನು ಕಣ್ಣಾರೆ ಕಂಡವನು ಬಂದು ಹೇಳ್ತಾ ಹೋದ, ಇವನು ಬರೀತಾ ಹೋದ. ಷರತ್ತು ಒಂದೇ, ಈ ಗುಟ್ಟು ಯಾರಿಗೂ ತಿಳಿಯಬಾರದು. ಒಂದು ದಿನ ನಾರಣಪ್ಪ ಹೆಂಡತಿಯ ಹತ್ತಿರ ಬಾಯಿಬಿಟ್ಟ, ಅವತ್ತಿಗೆ ಅಶ್ವತ್ಥಾಮ ಬರೋದು ನಿಂತಿತು. ಅದಕ್ಕೇ ಕಾವ್ಯ ಹತ್ತು ಪರ್ವಕ್ಕೆ ನಿಂತಿದೆ ಅಂತ ಜನ ಹೇಳ್ತಾರೆ. ನಿಂತಿರೋದಂತೂ ನಿಜ. ಆದಿಪರ್ವದಿಂದ ಗದಾಪರ್ವದವರೆಗೆ ಮಾತ್ರ ಇದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ.

    

ಇನ್ನು ಕಥೆ ಬಿಟ್ಟು ಕಾವ್ಯದಲ್ಲೇ ಇರೋ ವಿಷಯಕ್ಕೆ ಬರೋಣ. ಕರ್ಣಾಟ ಭಾರತ ಕಥಾಮಂಜರಿ ಅದರ ಹೆಸರು. ಗದುಗಿನ ಭಾರತ ಅಂತಾನೂ ಕರೀತಾರೆ. ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳು, ಎಲ್ಲವೂ ಭಾಮಿನೀ ಷಟ್ಪದಿ. ನಮ್ಮ ಭಾಷೆಯಲ್ಲಿ ಸ್ಪೆಸಿಫಿಕೇಶನ್ ಹೇಳೋದಾದ್ರೆ, ಪದ್ಯಕ್ಕೆ ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ ತಲಾ 14 ಮಾತ್ರೆ, 3 ಮತ್ತು 6ನೇ ಸಾಲುಗಳಲ್ಲಿ ತಲಾ 23. ಒಟ್ಟು 102. ಪ್ರತಿ ಸಾಲೂ ಮೂರು ನಾಲ್ಕು, ಮೂರು ನಾಲ್ಕು ಅಂತ ನಡೀಬೇಕು. ಮೇಲಾಗಿ ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಕೂಡಬೇಕು. ಎಂಟು ಸಾವಿರ ಪದ್ಯ ಅಂತಲೇ ಹಿಡಿದರೂ ಎಂಟು ಲಕ್ಷ ಮಾತ್ರೆ ದಾಟುತ್ತೆ. ಇಷ್ಟು ಕಂಡೀಷನ್ ಹಾಕಿ ಒಂದು ಪ್ರೋಗ್ರಾಂ ಬರೆದ್ರೆ ನಮ್ಮದು ಮೂರನೇ ಸಾಲಿಗೇ ಎರರ್ ಕೊಡುತ್ತೆ. ಅವನ ಪದ್ಯಗಳನ್ನು ಅಜ್ಜಿಯಂಥವರು ಕೇಳಿಯೇ ಬಾಯಿಪಾಠ ಮಾಡಿಕೊಂಡರು.

ಅವನು ಬರೆದದ್ದು ತಾಳೆಗರಿಯ ಮೇಲೆ. ಕಂಠ ಅನ್ನೋ ಚೂಪಾದ ಕಬ್ಬಿಣದ ಕಡ್ಡಿಯಿಂದ ಗರಿಯ ಮೇಲೆ ಗೀರಬೇಕು, ಆಮೇಲೆ ಮಸಿ ತಿಕ್ಕಿದರೆ ಅಕ್ಷರ ಕಾಣುತ್ತೆ. ಗೀರಿದ್ದನ್ನು ಅಳಿಸೋಕೆ ಆಗಲ್ಲ. ಬ್ಯಾಕ್‌ಸ್ಪೇಸ್ ಇಲ್ಲ. ಅದಕ್ಕೇ ಬೇರೆಯವರು ಮೊದಲು ಹಲಗೆಯ ಮೇಲೆ ಬಳಪದಿಂದ ಕರಡು ಬರೆದು, ಸರಿಮಾಡಿ, ಆಮೇಲೆ ಗರಿಗೆ ಇಳಿಸ್ತಿದ್ದರು. ನಾರಣಪ್ಪ ತನ್ನ ಕಾವ್ಯದ ಶುರುವಿನಲ್ಲೇ ಕೆಲವು ಹೆಗ್ಗಳಿಕೆ ಹೇಳಿಕೊಳ್ಳುತ್ತಾನೆ. ತಾನು ಹಲಗೆ ಬಳಪ ಮುಟ್ಟೋನಲ್ಲ. ಒಮ್ಮೆ ಇಟ್ಟ ಪದವನ್ನು ಅಳಿಸೋನಲ್ಲ. ಇನ್ನೊಬ್ಬರ ಶೈಲಿಯನ್ನು ಎತ್ತಿಕೊಳ್ಳೋನಲ್ಲ. ಬರೆಯೋಕೆ ಕೂತರೆ ಕಂಠದ ಸದ್ದು ನಿಲ್ಲಲ್ಲ. ಇದು ಹೆದರೋ ಮನುಷ್ಯನ ಮಾತಲ್ಲ. ರಾಮಾಯಣ ಯಾಕೆ ಬರೀಲಿಲ್ಲ ಅನ್ನೋದಕ್ಕೂ ಅವನ ಹತ್ತಿರ ತಮಾಷೆಯ ಉತ್ತರ ಇದೆ. ರಾಮಾಯಣ ಬರೆದವರ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಾಡ್ತಿದ್ದಾನೆ, ಅಲ್ಲಿ ಕಾಲಿಡೋಕೂ ಜಾಗ ಇಲ್ಲ ಅಂತ. ಈ ಸೆಮಿಸ್ಟರಿನಲ್ಲಿ ಒಂದೇ ತರ ಶುರುವಾಗಿ ಒಂದೇ ತರ ಮುಗಿಯುವ ನಮ್ಮೆಲ್ಲರ ಅಸೈನ್‌ಮೆಂಟುಗಳನ್ನು ನೋಡಿದ್ರೆ ಆದಿಶೇಷನ ಕಥೆ ಏನಾಗ್ತಿತ್ತೋ!

ಆದರೆ ಇಷ್ಟು ಧೈರ್ಯದ ಮನುಷ್ಯ ಅಲ್ಲೇ, ಅದೇ ಪೀಠಿಕೆಯಲ್ಲಿ, ಇನ್ನೊಂದು ಮಾತನ್ನೂ ಹೇಳ್ತಾನೆ. ಈ ಕಾವ್ಯದ ಕವಿ ವೀರನಾರಾಯಣ, ತಾನು ಅದನ್ನು ಬರೆದುಕೊಂಡ ಲಿಪಿಕಾರ ಅಷ್ಟೇ ಅಂತ. ತನಗೆ ಇಟ್ಟುಕೊಂಡ ಹೆಸರಾದರೂ ಏನು? ಕುಮಾರವ್ಯಾಸ, ಅಂದ್ರೆ ವ್ಯಾಸನ ಮಗ. ಹೆಸರಿನಲ್ಲೇ ಮೂಲ ಯಾರದು ಅಂತ ಬರೆದುಬಿಟ್ಟಿದ್ದಾನೆ.

ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಒಬ್ಬನಿಗೆ ಖುಷಿ ಆಯ್ತು. ನೋಡಿ, ಕುಮಾರವ್ಯಾಸನೇ ಬೇರೆಯವರು ಹೇಳಿದ್ದನ್ನು ಬರೆದೆ ಅಂತಾನೆ, ನಾವೂ ಎಐ ಹೇಳಿದ್ದನ್ನು ಬರೆದೆವು, ಏನು ವ್ಯತ್ಯಾಸ ಅಂತ ವಾದ ಮಾಡಿದ. ವಾದ ಚೆನ್ನಾಗೇ ಇದೆ. ಗದಗಿನಿಂದ ನರಗುಂದದವರೆಗೆ ಬಸ್ಸಲ್ಲಿ ಇದೇ ಜಗಳ. ಕೊನೆಗೆ ಉತ್ತರ ಸಿಕ್ಕಿದ್ದು ರಾತ್ರಿ ಅಜ್ಜಿ ಹೇಳಿದ ವಿರಾಟಪರ್ವದಲ್ಲಿ.

ವಿರಾಟರಾಜನ ಮಗ ಉತ್ತರಕುಮಾರನ ಕಥೆ ನಿಮಗೆ ಗೊತ್ತಿರುತ್ತೆ. ಕೌರವರು ಹಸುಗಳನ್ನು ಹಿಡಿದುಕೊಂಡು ಹೋಗ್ತಾರೆ. ಹುಡುಗ ಹೆಂಗಸರ ಮುಂದೆ ನಿಂತು ತಾನೊಬ್ಬನೇ ಎಲ್ಲರನ್ನೂ ಹೊಡೆದು ಬರ್ತೀನಿ ಅಂತ ಕೊಚ್ಚಿಕೊಳ್ಳುತ್ತಾನೆ. ಸಾರಥಿ ಬೇಕಲ್ಲ, ನಾಟ್ಯ ಕಲಿಸೋ ಬೃಹನ್ನಳೆಯನ್ನು ಕರ್ಕೊಂಡು ಹೋಗ್ತಾನೆ. ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಡ್ತಾನೆ. ಬೃಹನ್ನಳೆ ವೇಷದ ಅರ್ಜುನ ಅವನನ್ನು ಹಿಡಿದು ತಂದು, ಬನ್ನಿ ಮರದ ಮೇಲಿಟ್ಟಿದ್ದ ಬಿಲ್ಲು ತೆಗೆಸಿ, ಅವನನ್ನೇ ಸಾರಥಿ ಮಾಡಿಕೊಂಡು ತಾನು ಯುದ್ಧ ಗೆಲ್ತಾನೆ. ಗೆದ್ದ ಮೇಲೆ ಊರಿಗೆ ಸುದ್ದಿ ಹೋಗೋದು ಉತ್ತರ ಗೆದ್ದ ಅಂತ. ಊರೆಲ್ಲಾ ತೋರಣ, ಅಪ್ಪನ ಹೆಮ್ಮೆ ಹೇಳತೀರದು. ಸರ್ಟಿಫಿಕೇಟು ರೆಡಿ, ಹೆಸರು ಉತ್ತರನದು.

ಕುಮಾರವ್ಯಾಸ ಉತ್ತರನ ಬಡಾಯಿಯನ್ನು ಬಹಳ ರಸವಾಗಿ ಬರೆದಿದ್ದಾನೆ, ಜನ ಅದಕ್ಕೇ ಬಿದ್ದು ಬಿದ್ದು ನಗ್ತಾರೆ. ಆದರೆ ಅಜ್ಜಿ ಒತ್ತಿ ಹೇಳಿದ್ದು ಕೊನೆಯ ಭಾಗ. ಅಪ್ಪ ಮಗನನ್ನು ಹೊಗಳೋಕೆ ಶುರು ಮಾಡಿದಾಗ ಉತ್ತರ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಅವನು ಗೆದ್ದವನು ತಾನಲ್ಲ, ಬೇರೆ ವೀರ ಅಂತ ಒಪ್ಪಿಕೊಳ್ಳುತ್ತಾನೆ. ಓಡಿಹೋದಾಗ ಹೇಡಿ ಆಗಿದ್ದ ಹುಡುಗ ಒಂದು ತೂಕಕ್ಕೆ ಬರೋದು ಅಲ್ಲಿ. ಯುದ್ಧದಲ್ಲಿ ಕುದುರೆಯ ಹಗ್ಗವನ್ನಾದರೂ ಹಿಡಿದಿದ್ದ ಅವನು. ನಾವು ಅದನ್ನೂ ಹಿಡಿದಿರಲಿಲ್ಲ.

ಆಗ ನಾರಣಪ್ಪನ ಲೆಕ್ಕ ಅರ್ಥ ಆಯ್ತು. ಬರವಣಿಗೆಯಲ್ಲಿ ಎರಡು ಖಾತೆ ಇದೆ. ಒಂದು ಹೆಸರಿನದು, ಇನ್ನೊಂದು ಹೊಣೆಯದು. ಶಾನುಭೋಗರ ಮನೆಯ ಮಗ ಇವೆರಡನ್ನೂ ಸರಿಯಾಗಿ ಬರೆದಿಟ್ಟ. ಹೆಸರನ್ನು ದೇವರಿಗೂ ವ್ಯಾಸನಿಗೂ ಕೊಟ್ಟ. ಹೊಣೆಯನ್ನು ತಾನು ಇಟ್ಟುಕೊಂಡ. ಅಳಿಸಲಾಗದ ಗರಿ, ಎಂಟು ಲಕ್ಷ ಮಾತ್ರೆ, ಪ್ರತಿ ಪದಕ್ಕೂ ತಾನೇ ಜವಾಬ್ದಾರ. ಒಂದು ಪದ ತಪ್ಪಿದರೆ ವೀರನಾರಾಯಣ ಹಾಗೆ ಹೇಳಿದ ಅಂತ ಅವನು ತಪ್ಪಿಸಿಕೊಳ್ಳೋಹಾಗಿಲ್ಲ. ನಾವು ಮಾಡಿದ್ದು ಉಲ್ಟಾ. ಹೆಸರನ್ನು ನಾವು ಇಟ್ಟುಕೊಂಡೆವು, ಹೊಣೆಯನ್ನು ಆ್ಯಪ್‌ಗೆ ಬಿಟ್ಟೆವು. ತೆಂಗಿನ ತೋಟ ಎಲ್ಲಿಂದ ಬಂತು ಅಂತ ಅಜ್ಜಿ ಕೇಳಿದಾಗ ನಮ್ಮ ಬಾಯಿಂದ ಬಂದ ಮೊದಲ ಮಾತೇ ಅದು ಎಐ ಬರೆದದ್ದು ಅಂತ. ಬಹುಮಾನ ತಗೊಳ್ಳುವಾಗ ಆ ಮಾತು ಯಾಕೆ ಬರಲಿಲ್ಲ?

ಲಿಪಿಕಾರ ಅನ್ನೋದು ಸಣ್ಣ ಕೆಲಸಾನೂ ಅಲ್ಲ. ವ್ಯಾಸರು ಭಾರತ ಹೇಳಿದಾಗ ಬರೆದುಕೊಂಡವನು ಗಣಪತಿ ಅನ್ನೋ ಕಥೆ ಎಲ್ಲರಿಗೂ ಗೊತ್ತು. ಗಣಪತಿಯ ಷರತ್ತು, ಹೇಳೋದು ಮಧ್ಯೆ ನಿಲ್ಲಬಾರದು. ವ್ಯಾಸರ ಷರತ್ತು, ಅರ್ಥ ಮಾಡಿಕೊಳ್ಳದೆ ಒಂದಕ್ಷರ ಬರೆಯಬಾರದು. ಎರಡನೇ ಷರತ್ತು ನಮಗೆ ಹಾಕಿದ್ರೆ ನಾವು ಕಳಿಸಿದ ಎಷ್ಟು ಅಸೈನ್‌ಮೆಂಟು, ಎಷ್ಟು ಲ್ಯಾಬ್ ರೆಕಾರ್ಡು, ಎಷ್ಟು ಸೆಮಿನಾರ್ ರಿಪೋರ್ಟು ಉಳಿಯುತ್ತೆ? ಎಐ ಬಳಸಲೇಬೇಡಿ ಅಂತ ನಾವು ಹೇಳ್ತಿಲ್ಲ. ಕೋಡಿನಲ್ಲಿ ತಪ್ಪು ಹುಡುಕೋಕೆ, ಇಂಗ್ಲಿಷ್ ಪೇಪರ್ ಅರ್ಥ ಮಾಡಿಕೊಳ್ಳೋಕೆ ನಾವು ನಾಳೆಯೂ ಬಳಸ್ತೀವಿ. ಹೇಳಿದವರು ಯಾರು ಅಂತ ಬರೆಯೋಣ, ಅರ್ಥ ಆಗದ್ದನ್ನು ಬರೆಯದಿರೋಣ, ಬರೆದದ್ದಕ್ಕೆ ನಾವೇ ನಿಲ್ಲೋಣ. ಇಷ್ಟು ಮಾಡಿದವನು ಲಿಪಿಕಾರ. ಮಾಡದವನು ಬರೀ ಕಾಪಿ ಪೇಸ್ಟ್.

ಇನ್ನೊಂದು ಭಯಾನೂ ಇದೆ. ಈ ಎಐಗಳು ಕಲಿಯೋದು ಜನ ಬರೆದದ್ದನ್ನು ಓದಿ. ಇಂಗ್ಲಿಷಿನ ಮುಂದೆ ನೆಟ್‌ನಲ್ಲಿರೋ ಕನ್ನಡ ಬಹಳ ಕಡಿಮೆ, ಚಿಕ್ಕನರಗುಂದದಂಥ ಊರಿನ ಬಗ್ಗೆ ಇನ್ನೂ ಕಡಿಮೆ. ಅದಕ್ಕೇ ಅದು ಎಲ್ಲೋ ಓದಿದ ಹಸಿರು ಬೆಟ್ಟ ತಂದು ಎರೆ ಹೊಲದಲ್ಲಿ ಇಟ್ಟಿತು. ನಮ್ಮ ಆ ಪ್ರಬಂಧವೂ ಸಂಘದ ಪೇಜಿನಲ್ಲಿದೆ. ಮುಂದೆ ಬರೋ ಎಐ ಅದನ್ನೇ ಓದಿ, ಚಿಕ್ಕನರಗುಂದದಲ್ಲಿ ಹೊಳೆ ದಂಡೆಯ ತೆಂಗಿನ ತೋಟ ಇದೆ ಅಂತ ಇನ್ನೊಬ್ಬರಿಗೆ ಗಟ್ಟಿಯಾಗಿ ಹೇಳಬಹುದು. ಸುಮಾರು ಆರು ನೂರು ವರ್ಷದ ಹಿಂದೆ ಬರೆದ ಕಾವ್ಯದ ಗರಿಯನ್ನು ಜನ ಮನೆಯಲ್ಲಿ ಪೂಜೆ ಮಾಡಿ ಉಳಿಸಿದ್ದಾರೆ. ನಾವು ಅರ್ಧ ನಿಮಿಷದ ಸುಳ್ಳನ್ನು ಉಳಿಸಿ ಹೋದ್ರೆ ಹೇಗೆ?

ನಾರಣಪ್ಪ ಹೇಗೆ ತೀರಿಕೊಂಡ, ಕೊನೆಗಾಲ ಹೇಗಿತ್ತು ಅನ್ನೋದಕ್ಕೆ ಗಟ್ಟಿ ದಾಖಲೆ ಇಲ್ಲ. ಉಳಿದದ್ದು ಹತ್ತು ಪರ್ವ ಮತ್ತು ಒಂದು ಕಂಬ. ಲಿಪಿಕಾರ ಅಂತ ಹಿಂದೆ ಸರಿದವನನ್ನು ಜನ ಒಪ್ಪಲಿಲ್ಲ, ಮಹಾಕವಿ ಅಂದರು, ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂದರು. ಕಾವ್ಯಕ್ಕೆ ಅವನ ಊರಿನ ಹೆಸರನ್ನೇ ಇಟ್ಟು ಗದುಗಿನ ಭಾರತ ಅಂತ ಕರೆದರು. ಬಿಟ್ಟುಕೊಟ್ಟ ಹೆಸರು ತಾನಾಗೇ ತಿರುಗಿ ಬಂತು.

ನಮ್ಮ ಹೆಸರಿಗೆ ಅಂಥ ಯೋಗ ಇಲ್ಲ ಬಿಡಿ. ರಜೆ ಮುಗಿಸಿ ಬಂದ ದಿನವೇ ಸರ್ಟಿಫಿಕೇಟನ್ನು ಸಂಘಕ್ಕೆ ವಾಪಸ್ ಕೊಟ್ಟೆವು. ಪ್ರಬಂಧವನ್ನು ಪೇಜಿನಿಂದ ತೆಗೆಯಿರಿ ಅಂತ ಕೇಳಿದೆವು. ಸಂಪಾದಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಜಾಗದಲ್ಲಿ ಇನ್ನೊಂದು ಬರೆದುಕೊಡಿ ಅಂದರು. ನೀವು ಈಗ ಓದಿದ್ದು ಅದನ್ನೇ. ಇದರ ಲೆಕ್ಕ ಹೀಗಿದೆ. ವಿರಾಟಪರ್ವ ಹೇಳಿದ್ದು ಅಜ್ಜಿ. ಅಜ್ಜಿಗೆ ಹೇಳಿದ್ದು ಗುಡಿಯಲ್ಲಿ ಓದಿದವರು. ಅವರಿಗೆ ಕೊಟ್ಟದ್ದು ನಾರಣಪ್ಪ. ಅವನಿಗೆ ಯಾರು ಅಂತ ಅವನೇ ಹೇಳಿದ್ದಾನೆ. ತಪ್ಪುಗಳಿದ್ದರೆ ಅವು ಮಾತ್ರ ನಮ್ಮ ಮೂವರದು.

ಮುಂದಿನ ರಜೆಗೆ ಊರಿಗೆ ಹೋದಾಗ ಇದನ್ನೂ ಅಜ್ಜಿಗೆ ಓದಿ ಹೇಳಬೇಕು. ಇದು ಯಾವ ಊರು ಅಂತ ಅವರು ಈ ಸಲ ಕೇಳಬಾರದು, ಅಷ್ಟೇ ನಮ್ಮ ಆಸೆ.